ಲಾಕ್‌ಡೌನ್ ನಾಕಾಬಂದಿ: ಕಾಯುವವರಿಗೂ ದಾಟುವವರಿಗೂ

ಮಂಡ್ಯದ ಹೆದ್ದಾರಿಗೆ ಒಂದು ಬ್ಯಾರಿಕೇಡ್ ಇಟ್ಟರೆ ಅದನ್ನು ತಪ್ಪಿಸಿ ಹೋಗಲು ಹತ್ತು ದಾರಿಗಳಿವೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿ ಇದೆ, ಕಬ್ಬಿನ ಗದ್ದೆಗಳ ನಡುವೆ ಬಂಡಿ ಜಾಡಿದೆ, ರೈಲ್ವೆ ಕೆಳಸೇತುವೆ ಇದೆ, ಊರೊಳಗೆ ಸಿಮೆಂಟ್ ರಸ್ತೆ ಇದೆ. ಇಷ್ಟನ್ನೂ ಹಗಲು ರಾತ್ರಿ ಕಾಯುವಷ್ಟು ಸಿಬ್ಬಂದಿ ಯಾವ ಠಾಣೆಯಲ್ಲೂ ಇಲ್ಲ. ಹಾಗಾಗಿ ನಾಕಾಬಂದಿಯಿಂದ ಪ್ರಯೋಜನವಾಗಬೇಕಾದರೆ ಜನ ತಾವಾಗಿ ಅಲ್ಲಿಗೆ ಬಂದು, ನಿಂತು, ನಿಜ ಹೇಳಬೇಕು. ನಿಜ ಹೇಳಿದವನಿಗೆ ಬೇಗ ದಾರಿ ಸಿಗಬೇಕು, ಇಲ್ಲವಾದರೆ ಬೇಗ ಸ್ಪಷ್ಟ ಉತ್ತರವಾದರೂ ಸಿಗಬೇಕು. ನಿಜ ಹೇಳಿ ಪೆಟ್ಟು ತಿಂದವನು ನಾಳೆ ನಾಲೆ ಏರಿ ಹಿಡಿಯುತ್ತಾನೆ. ಅವನ ಜೊತೆ ಸೋಂಕು ಊರಿಗೆ ಬಂದರೆ ಯಾರಿಗೂ ತಿಳಿಯುವುದಿಲ್ಲ.

ಬ್ಯಾರಿಕೇಡ್ ಬಳಿ ನಿಲ್ಲುವ ಪೊಲೀಸರು, ಹೋಂಗಾರ್ಡ್‌ಗಳು, ಗ್ರಾಮ ಪಂಚಾಯಿತಿ ಕಾರ್ಯಪಡೆಯವರು ಮತ್ತು ಅದನ್ನು ದಾಟಲೇಬೇಕಾದವರು, ಎಲ್ಲರಿಗೂ ಸೇರಿ ಇದನ್ನು ಬರೆದಿದೆ. 2020 ಮತ್ತು 2021ರ ಕೊರೊನಾ ಲಾಕ್‌ಡೌನ್‌ಗಳಲ್ಲಿ ಏನು ನಡೆಯಿತು, ಎಲ್ಲಿ ಕೆಟ್ಟಿತು ಎಂಬುದೇ ಇದರ ಆಧಾರ.

ಮೊದಲು ಆದೇಶ ಓದಿ

2020ರ ಮಾರ್ಚ್ 24ರ ರಾತ್ರಿ 8ಕ್ಕೆ ಘೋಷಣೆಯಾದ ಲಾಕ್‌ಡೌನ್ ಅದೇ ಮಧ್ಯರಾತ್ರಿ ಜಾರಿಯಾಯಿತು. ಆ ನಾಲ್ಕು ಗಂಟೆಯಲ್ಲಿ ಆದೇಶ ಪೂರ್ತಿ ಓದಿ ರಸ್ತೆಗೆ ಇಳಿದವರು ಕಡಿಮೆ. ಮೊದಲ ವಾರದ ಜಗಳಗಳಲ್ಲಿ ಬಹಳಷ್ಟು ಹುಟ್ಟಿದ್ದು ಇಲ್ಲಿಂದಲೇ. ಪಾಳಿ ಶುರುವಾಗುವ ಮುಂಚೆ ಆದೇಶದಲ್ಲಿ ನಾಲ್ಕು ವಿಷಯ ಹುಡುಕಿ: ಯಾರು ಹೊರಡಿಸಿದ್ದು, ಯಾವ ಪ್ರದೇಶಕ್ಕೆ, ಎಂದಿನಿಂದ ಎಂದಿನವರೆಗೆ, ಯಾರಿಗೆ ವಿನಾಯಿತಿ.

ಮಂಡ್ಯ ಜಿಲ್ಲೆಯಲ್ಲಿ ನಿಷೇಧಾಜ್ಞೆ ಬರುವುದು ಜಿಲ್ಲಾಧಿಕಾರಿಯಿಂದ. ಮೈಸೂರು ನಗರಕ್ಕೆ ಅದನ್ನು ಹೊರಡಿಸುವವರು ಪೊಲೀಸ್ ಕಮಿಷನರ್. ನಂಜನಗೂಡು, ಹುಣಸೂರಿನಂಥ ತಾಲ್ಲೂಕುಗಳಿಗೆ ಮತ್ತೆ ಜಿಲ್ಲಾಧಿಕಾರಿ. ಶ್ರೀರಂಗಪಟ್ಟಣ ಬಿಟ್ಟು ಸಿದ್ದಲಿಂಗಪುರ ದಾಟುವಷ್ಟರಲ್ಲಿ ಒಬ್ಬ ಸವಾರ ಎರಡು ಆದೇಶಗಳ ಕೆಳಗೆ ಬಂದಿರುತ್ತಾನೆ. ಎರಡರಲ್ಲೂ ಅಂಗಡಿ ಸಮಯ ಬೇರೆ ಬೇರೆ ಇದ್ದರೆ ಅದು ಅವನ ತಪ್ಪಲ್ಲ. ಗಡಿ ಚೆಕ್‌ಪೋಸ್ಟ್‌ನಲ್ಲಿ ಎರಡೂ ಆದೇಶಗಳ ಮುದ್ರಿತ ಪ್ರತಿ ಇರಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ನಂಬಬೇಡಿ, ನಿನ್ನೆಯದೂ ಇಂದಿನದೂ ಒಟ್ಟಿಗೆ ಸುತ್ತುತ್ತಿರುತ್ತವೆ. ಹೊಸ ಆದೇಶ ಬಂದ ಕೂಡಲೇ ಹಳೆಯದಕ್ಕೆ ಅಡ್ಡಗೆರೆ ಎಳೆದು, ಬಂದ ದಿನ ಮತ್ತು ಗಂಟೆ ಬರೆದು ಹಲಗೆಗೆ ಸಿಕ್ಕಿಸಿ.

ಕಾನೂನಿನ ಅಂಕಿಗಳೂ ಬದಲಾಗಿವೆ. 2020ರಲ್ಲಿ ಎಲ್ಲರ ಬಾಯಲ್ಲಿದ್ದ ಸೆಕ್ಷನ್ 144, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ. ಅಂಥ ಆದೇಶದ ಆಯಸ್ಸು ಎರಡು ತಿಂಗಳು. ಆಮೇಲೆ ಮುಂದುವರಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಆದೇಶ ಮೀರಿದ್ದಕ್ಕೆ ಹಾಕುತ್ತಿದ್ದ ಐಪಿಸಿ 188 ಈಗ ಭಾರತೀಯ ನ್ಯಾಯ ಸಂಹಿತೆಯ 223. ಇದರಡಿ ಆರು ತಿಂಗಳವರೆಗೆ ಸಜೆ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಜೀವಕ್ಕೆ ಅಪಾಯ ತರುವಂಥ ಉಲ್ಲಂಘನೆಯಾದರೆ ಒಂದು ವರ್ಷ, 5,000 ರೂಪಾಯಿ. ವಿಪತ್ತು ನಿರ್ವಹಣಾ ಕಾಯ್ದೆ 2005ರ 51ನೇ ಸೆಕ್ಷನ್ ಹಾಗೆಯೇ ಇದೆ, ಅದರಡಿ ಸಜೆ ಒಂದು ವರ್ಷದವರೆಗೆ. ಸಾವು ಅಥವಾ ಸಾವಿನ ಅಪಾಯ ಉಂಟಾದರೆ ಎರಡು ವರ್ಷದವರೆಗೆ. ಒಂದು ಎಚ್ಚರ: 223ರ ಪ್ರಕರಣವನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಬೇಕಾದರೆ ಆದೇಶ ಹೊರಡಿಸಿದ ಅಧಿಕಾರಿಯ ಅಥವಾ ಅವರ ಮೇಲಿನವರ ಲಿಖಿತ ದೂರು ಬೇಕು. ಅದಿಲ್ಲದೆ ಬರೀ ಎಫ್‌ಐಆರ್ ಹಾಕಿ ಬಿಟ್ಟರೆ ಪ್ರಕರಣ ನಿಲ್ಲುವುದಿಲ್ಲ.

ಎಲ್ಲಿ ಇಡಬೇಕು, ಹೇಗೆ ಇಡಬೇಕು

ತಿರುವಿನ ಆಚೆ, ಸೇತುವೆ ಇಳಿದ ಕೂಡಲೇ, ರೈಲ್ವೆ ಗೇಟಿನ ಪಕ್ಕ, ಏರಿನ ಮೇಲೆ ಇಡಬೇಡಿ. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವಿದೆ. ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಇಳಿಜಾರಿನಲ್ಲಿ ತಟ್ಟನೆ ನಿಲ್ಲದು. ಏರಿನಲ್ಲಿ ನಿಂತರೆ ಮತ್ತೆ ಹೊರಡುವಾಗ ಮುಂಗಾಲು ಎತ್ತುತ್ತದೆ. ಎತ್ತಿನ ಗಾಡಿಗೆ ಹಿಂದೆ ದೀಪವೂ ಇರದು. ನೇರ, ಸಮತಟ್ಟು, ಪಕ್ಕದಲ್ಲಿ ಲಾರಿ ನಿಲ್ಲುವಷ್ಟು ಮಣ್ಣಿನ ಜಾಗ ಇರುವ ಕಡೆ ನೋಡಿ.

ನೂರು ಮೀಟರ್ ಮೊದಲೇ ಒಂದು ಫಲಕ ಇರಲಿ. ಅದರಲ್ಲಿ ನಿಷೇಧದ ಮಾತಿಗಿಂತ ಮೊದಲು ಕೆಲಸದ ಮಾತಿರಲಿ: “ವೇಗ ತಗ್ಗಿಸಿ. ಆಸ್ಪತ್ರೆಗೆ ಹೋಗುವವರು ಎಡಗಡೆ ಬನ್ನಿ. ಕಾಗದ ಕೈಯಲ್ಲಿರಲಿ.” ಎರಡು ಬ್ಯಾರಿಕೇಡ್‌ಗಳನ್ನು ಎದುರುಬದುರಾಗಿ, ಹದಿನೈದರಿಂದ ಇಪ್ಪತ್ತು ಮೀಟರ್ ಅಂತರದಲ್ಲಿ ಹಾಕಿದರೆ ಗಾಡಿ ಹಾವಿನ ಹಾಗೆ ತಿರುಗಿ ಬರಬೇಕಾಗುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಎಡಗಡೆಯ ಒಂದು ಓಣಿ ಆಂಬುಲೆನ್ಸ್‌ಗೆ ಸದಾ ಖಾಲಿ. ಅಲ್ಲಿ ಪೊಲೀಸ್ ಜೀಪನ್ನೂ ನಿಲ್ಲಿಸಬಾರದು. ರಾತ್ರಿಗೆ ಪ್ರತಿಫಲಿಸುವ ಟೇಪು ಮತ್ತು ದೀಪ ಇಲ್ಲದ ಬ್ಯಾರಿಕೇಡ್ ಜೀವ ತೆಗೆಯುತ್ತದೆ. ಕಲ್ಲು, ಡ್ರಮ್ಮು, ಮರದ ದಿಮ್ಮಿ ರಸ್ತೆಗೆ ಅಡ್ಡ ಹಾಕಲೇಬೇಡಿ.

ಒಂದು ಪಾಳಿಗೆ ಕನಿಷ್ಠ ಐವರು ಬೇಕು: ಕೈ ತೋರಿಸಿ ನಿಲ್ಲಿಸಲು ಒಬ್ಬರು, ಮಾತಾಡಲು ಒಬ್ಬರು, ಬರೆಯಲು ಒಬ್ಬರು, ಪಕ್ಕದ ಅಡ್ಡದಾರಿಗೆ ಒಬ್ಬರು, ತೀರ್ಮಾನ ಕೊಡಲು ಎಎಸ್‌ಐ ಅಥವಾ ಪಿಎಸ್‌ಐ ಒಬ್ಬರು. ಕೊನೆಯವರು ಇಲ್ಲದ ನಾಕಾಬಂದಿಯಲ್ಲಿ ಪ್ರತಿ ಕಷ್ಟದ ಪ್ರಶ್ನೆಗೂ “ಆಗಲ್ಲ, ವಾಪಸ್ ಹೋಗಿ” ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಹೌದು ಎನ್ನುವ ಅಧಿಕಾರ ಅಲ್ಲಿ ಯಾರಿಗೂ ಇರುವುದಿಲ್ಲ. ಎಂಟು ಗಂಟೆಗಿಂತ ಹೆಚ್ಚು ನಿಲ್ಲಿಸಬೇಡಿ. ಏಪ್ರಿಲ್ ಬಿಸಿಲಲ್ಲಿ ಶಾಮಿಯಾನ, ಕುಡಿಯುವ ನೀರು, ಮಹಿಳಾ ಸಿಬ್ಬಂದಿಗೆ ಹತ್ತಿರದಲ್ಲೇ ಶೌಚಾಲಯ ಇರಲೇಬೇಕು. ಬಿಸಿಲಲ್ಲಿ ಹನ್ನೆರಡು ಗಂಟೆ ನಿಂತವರ ಸಿಟ್ಟು ಹದಿಮೂರನೇ ಗಂಟೆಯಲ್ಲಿ ಬಂದ ಯಾರದೋ ಬೆನ್ನಿನ ಮೇಲೆ ಇಳಿಯುತ್ತದೆ. ಸಕ್ಕರೆ ಕಾಯಿಲೆ, ಉಸಿರಾಟದ ತೊಂದರೆ ಇರುವ ಹಿರಿಯ ಸಿಬ್ಬಂದಿಯನ್ನು ಕಿಟಕಿ ಬಳಿ ಮಾತಾಡುವ ಕೆಲಸಕ್ಕೆ ಹಾಕದೆ ವೈರ್‌ಲೆಸ್‌ಗೆ ಕೂರಿಸಿ.

ಮೂರು ಪ್ರಶ್ನೆ

ಎಲ್ಲಿಂದ, ಎಲ್ಲಿಗೆ, ಯಾಕೆ. ಇಷ್ಟೇ. ಒಂದು ಗಾಡಿಗೆ ಒಂದು ನಿಮಿಷ ಸಾಕು. ಗಾಳಿಗೆ ಬೆನ್ನು ಕೊಟ್ಟು, ಚಾಲಕನ ಕಿಟಕಿಯಿಂದ ಎರಡು ಮಾರು ದೂರದಲ್ಲಿ ನಿಲ್ಲಿ, ತಲೆ ಒಳಗೆ ತೂರಿಸಬೇಡಿ. ಕಾಗದವನ್ನು ಅವರೇ ಎತ್ತಿ ತೋರಿಸಲಿ, ನೀವು ಕೈಗೆ ತೆಗೆದುಕೊಳ್ಳಬೇಡಿ. ಮಾಸ್ಕ್ ಇಳಿಸಿ ಮಾತಾಡಲು ಹೇಳಬೇಡಿ. ಕೇಳಿಸದಿದ್ದರೆ ಎಂಜಿನ್ ಆಫ್ ಮಾಡಿಸಿ.

ಮೊದಲ ಮಾತು ಹೇಗಿರುತ್ತದೋ ಉಳಿದ ಮಾತೂ ಹಾಗೇ ನಡೆಯುತ್ತದೆ. “ಏಯ್, ಎಲ್ಲಿಗೋ?” ಎಂದು ಶುರುಮಾಡಿದರೆ ಎದುರಿನವರು ಸುಳ್ಳು ಹುಡುಕುತ್ತಾರೆ. “ಎಲ್ಲಿಗೆ ಹೊರಟ್ರಿ ಯಜಮಾನ್ರೇ?”, “ಏನಾಗಬೇಕಿತ್ತಮ್ಮ?” ಎಂದರೆ ಸಾಮಾನ್ಯವಾಗಿ ನಿಜವೇ ಬರುತ್ತದೆ. ಹುಡುಗರಿಗೂ ಬಹುವಚನವೇ ಇರಲಿ. ವಾಪಸ್ ಕಳಿಸುವಾಗ ಕಾರಣ ಹೇಳಿ: “ಅಣ್ಣ, ಮದುವೆ ಮಾತುಕತೆಗೆ ಈ ಆದೇಶದಲ್ಲಿ ಅವಕಾಶ ಇಲ್ಲ. 24ನೇ ತಾರೀಖು ಆದೇಶ ಮುಗಿಯುತ್ತೆ, ಆಮೇಲೆ ನೋಡಿ.” ತಾರೀಖು ಹೇಳಿದರೆ ಒಪ್ಪುತ್ತಾರೆ. ಬರೀ ಗದರಿದರೆ ಸಂಜೆ ಇನ್ನೊಂದು ದಾರಿಯಲ್ಲಿ ಹೊರಡುತ್ತಾರೆ.

ಬೈಕಿನ ಕೀ ಕಿತ್ತುಕೊಳ್ಳುವುದು, ಓಡುವ ಬೈಕಿಗೆ ಲಾಠಿ ಅಡ್ಡ ಹಿಡಿಯುವುದು, ಜೀಪಿನಲ್ಲಿ ಬೆನ್ನಟ್ಟುವುದು, ಮೂರೂ ಬೇಡ. ಹಿಂದೆ ಕುಳಿತ ಹೆಂಗಸು, ಮಗು ಬೀಳುತ್ತಾರೆ. ನಿಲ್ಲದೆ ಹೋದ ಗಾಡಿಯ ನಂಬರ್ ಬರೆದುಕೊಂಡು ಮುಂದಿನ ಪಾಯಿಂಟ್‌ಗೆ ತಿಳಿಸಿ. ಮದ್ದೂರಿನಲ್ಲಿ ತಪ್ಪಿಸಿಕೊಂಡವನು ಮಂಡ್ಯದಲ್ಲಿ ಸಿಗುತ್ತಾನೆ; ಅಲ್ಲಿಯೂ ಸಿಗದಿದ್ದರೆ ನಂಬರಿನಿಂದ ಮನೆಗೇ ನೋಟಿಸ್ ಕಳಿಸಬಹುದು.

2021ರ ಮೇ ತಿಂಗಳಲ್ಲಿ ದಿನಸಿಗೆ ಬೆಳಗ್ಗೆ 6ರಿಂದ 10ರವರೆಗೆ ಸಮಯವಿತ್ತು. ಗಡಿಯಾರ ಹತ್ತು ತೋರಿಸಿದ ಕೂಡಲೇ ಹಿಡಿಯಲು ನಿಂತರೆ ಒಂಬತ್ತೂಮುಕ್ಕಾಲಿಗೆ ಅಂಗಡಿ ಮುಂದೆ ನೂಕುನುಗ್ಗಲು, ಹತ್ತಕ್ಕೆ ರಸ್ತೆಯಲ್ಲಿ ಓಟ. ಯಾವ ಗುಂಪು ಬೇಡವೆಂದು ನಿಯಮ ಮಾಡಿದ್ದೋ ಅದೇ ಗುಂಪು ಅದೇ ನಿಯಮದಿಂದ ಸೇರುತ್ತದೆ. ಅಂಗಡಿ ಬಾಗಿಲು ಹತ್ತಕ್ಕೆ ಮುಚ್ಚಲಿ. ತುಂಬಿದ ಚೀಲ ಹಿಡಿದು ಮನೆ ಕಡೆ ಮುಖ ಮಾಡಿದವರನ್ನು ಹತ್ತೂವರೆವರೆಗೆ ಕೇಳಬೇಡಿ.

ಕೇಳದೆ ಬಿಡಬೇಕಾದವರು

ಆಂಬುಲೆನ್ಸ್, ಆಕ್ಸಿಜನ್ ಗಾಡಿ, ಹಾಲಿನ ಟ್ಯಾಂಕರ್, ವಿದ್ಯುತ್ ಕಂಪನಿ ಚೆಸ್ಕಾಂನ ಲೈನ್‌ಮನ್, ನೀರುಗಂಟಿ, ಹೆರಿಗೆ ನೋವಿನ ಹೆಂಗಸು, ಹಾವು ಕಚ್ಚಿದವರು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದವರನ್ನು ಬೈಕಿನ ಮಧ್ಯೆ ಕೂರಿಸಿಕೊಂಡು ಮೂವರು ಬರುತ್ತಾರೆ. ಅದು ತ್ರಿಬಲ್ ರೈಡಿಂಗ್ ಅಲ್ಲ. ಕೈ ಬೀಸಿ ಕಳಿಸಿ, ಮುಂದಿನ ಪಾಯಿಂಟ್‌ಗೂ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೂ ಫೋನ್ ಮಾಡಿ.

ರೈತರ ವಿಷಯದಲ್ಲಿ ನಗರದಿಂದ ಬಂದ ಸಿಬ್ಬಂದಿ ಹೆಚ್ಚು ತಪ್ಪುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಹಾಲು ಹಾಕುವವರು ದಿನಕ್ಕೆ ಎರಡು ಸಲ ಡೇರಿಗೆ ಹೋಗುತ್ತಾರೆ, ಬರುವಾಗ ಕ್ಯಾನು ಖಾಲಿ ಇರುತ್ತದೆ. ಖಾಲಿ ಕ್ಯಾನು ನೋಡಿ ಸುಮ್ಮನೆ ಸುತ್ತುತ್ತಿದ್ದಾರೆ ಎಂದುಕೊಳ್ಳಬೇಡಿ. ಲಾರಿಗೂ ಇದೇ ಮಾತು. ಬಂಡಿಪಾಳ್ಯದ ಎಪಿಎಂಸಿಗೆ ತರಕಾರಿ ಇಳಿಸಿದ ಗಾಡಿ ಖಾಲಿಯಾಗಿಯೇ ವಾಪಸ್ ಬರಬೇಕು, ಮದ್ದೂರಿನ ಎಳನೀರು ತುಂಬಲು ಲಾರಿ ಖಾಲಿಯಾಗಿಯೇ ಬರಬೇಕು. ಇದನ್ನು ತಡೆದದ್ದರಿಂದ 2020ರ ಏಪ್ರಿಲ್‌ನಲ್ಲಿ ಸರಕು ಸಾಗಣೆಗೆ ದೇಶದಾದ್ಯಂತ ತೊಡಕಾಯಿತು. ಕೇಂದ್ರ ಗೃಹ ಸಚಿವಾಲಯ ಖಾಲಿ ಲಾರಿಗಳನ್ನೂ ಬಿಡಬೇಕೆಂದು ಬೇರೆಯಾಗಿಯೇ ತಿಳಿಸಬೇಕಾಯಿತು.

ರೇಷ್ಮೆ ಗೂಡಿಗೆ ಕಾಯುವ ತಾಳ್ಮೆ ಇಲ್ಲ. ಹುಳು ಗೂಡು ಕಟ್ಟಿದ ಐದಾರು ದಿನಕ್ಕೆ ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಬಿಡಿಸುತ್ತಾರೆ. ಇನ್ನು ಕೆಲವೇ ದಿನ ತಡವಾದರೆ ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ, ಆ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ರಾಮನಗರದ ಮಾರುಕಟ್ಟೆಗೆ ಹೊರಟ ಗೂಡಿನ ಚೀಲವನ್ನು ಎರಡು ದಿನ ತಡೆದರೆ ಒಂದು ಬೆಳೆಯನ್ನೇ ತೆಗೆದ ಹಾಗೆ. ಕಡಿದ ಕಬ್ಬೂ ನಿಂತಷ್ಟು ಹೊತ್ತು ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ.

ರಾತ್ರಿ ಕರ್ಫ್ಯೂನಲ್ಲಿ ಇನ್ನೊಂದು ತೊಡಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಕೆಲವು ವಾರ ರಾತ್ರಿಯೇ. ಟಾರ್ಚು, ಗುದ್ದಲಿ ಹಿಡಿದು ರಾತ್ರಿ ಒಂದಕ್ಕೆ ಗದ್ದೆಗೆ ಹೊರಟವನು ನೀರು ಕಟ್ಟಲು ಹೊರಟಿರುತ್ತಾನೆ. ಚೆಸ್ಕಾಂ ಶಾಖಾ ಕಚೇರಿಯಿಂದ ಆ ವಾರದ ಫೀಡರ್ ಪಾಳಿಯ ಪಟ್ಟಿ ತರಿಸಿ ಚೆಕ್‌ಪೋಸ್ಟ್‌ನಲ್ಲಿ ಇಟ್ಟುಕೊಳ್ಳಿ. ಅವನು ಹೇಳುವ ಊರು ಪಟ್ಟಿಯಲ್ಲಿ ಇದ್ದರೆ ಮುಗಿಯಿತು.

ಪದೇ ಪದೇ ಹೋಗಲೇಬೇಕಾದ ರೋಗಿಗಳು

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ ಹೋಗುತ್ತಾರೆ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಮೇಲಿರುತ್ತಾರೆ. ಬರುವಾಗ ಮಾತಾಡುವ ಶಕ್ತಿಯೂ ಇರುವುದಿಲ್ಲ. ಅವರನ್ನು ಪ್ರತಿ ಸಲ ಹೊಸಬರಂತೆ ವಿಚಾರಿಸುವುದು ಕ್ರೂರ. ಮೊದಲ ಸಲವೇ ಆಸ್ಪತ್ರೆ ಚೀಟಿ ನೋಡಿ, ವಾರದ ದಿನಗಳನ್ನೂ ಗಾಡಿ ನಂಬರನ್ನೂ ಜೊತೆಗಾರನ ಹೆಸರನ್ನೂ ಬರೆದು ತಿಂಗಳ ಪಾಸ್ ಕೊಡಿ, ನಕಲು ನಾಕಾಬಂದಿಯಲ್ಲಿ ಇರಲಿ. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೂ ಹೀಗೆಯೇ. ನಾಯಿ ಕಚ್ಚಿದ ಲಸಿಕೆಗೆ ಮೊದಲ ದಿನದ ನಂತರ 3, 7 ಮತ್ತು 28ನೇ ದಿನ ಹೋಗಬೇಕಾಗುತ್ತದೆ, ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನವೂ ಸೇರುತ್ತದೆ. ನಡುವೆ ಒಂದನ್ನೂ ತಪ್ಪಿಸಬಾರದು, ರೇಬಿಸ್ ಬಂದ ಮೇಲೆ ಔಷಧವಿಲ್ಲ. “ನಿನ್ನೆ ತಾನೇ ಹೋಗಿದ್ದಿರಲ್ಲ” ಎನ್ನುವ ಮೊದಲು ಚೀಟಿಯ ದಿನಾಂಕಗಳನ್ನು ನೋಡಿ.

ಸಾವಿನ ಪ್ರಯಾಣದಲ್ಲಿ ಮಾತು ಇನ್ನೂ ಮೆತ್ತಗಿರಲಿ. 2020ರ ಕೇಂದ್ರದ ನಿಯಮದಲ್ಲಿ ಅಂತ್ಯಕ್ರಿಯೆಗೆ 20 ಜನರ ಮಿತಿಯಿತ್ತು. ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಬರುವವರಿಗೆ ಈ ಕೆಲಸವನ್ನು ಮುಂದೂಡಬಹುದು ಎಂಬುದೇ ಹೊಳೆದಿರುವುದಿಲ್ಲ. ಕುಡಿಕೆಯನ್ನು ಭದ್ರವಾಗಿ ಇಟ್ಟುಕೊಂಡು ನಿರ್ಬಂಧ ತೆರವಾದ ಮೇಲೆ ಬರಬಹುದೇ ಎಂದು ಕೇಳಿ. ಆಗದು ಎಂದರೆ ಆದೇಶ ಒಪ್ಪುವಷ್ಟು ಜನರನ್ನು, ಒಂದು ಗಾಡಿಯಲ್ಲಿ, ಹೋಗಿ ಬರುವ ಸಮಯ ಬರೆದು ಬಿಡಲು ಅಧಿಕಾರಿ ತೀರ್ಮಾನಿಸಲಿ.

ಪಾಸ್, ಸ್ಟಿಕ್ಕರ್, ದಂಡ

ಗಾಜಿನ ಮೇಲಿನ “ಅಗತ್ಯ ಸೇವೆ” ಸ್ಟಿಕ್ಕರ್ ಏನನ್ನೂ ಹೇಳುವುದಿಲ್ಲ. ಪಾಸ್‌ನ ಗಾಡಿ ನಂಬರ್ ಎದುರಿನ ಪ್ಲೇಟಿಗೆ ಹೊಂದುತ್ತದೆಯೇ, ದಿನಾಂಕದ ಅಕ್ಷರ ಉಳಿದ ಅಕ್ಷರಗಳ ಅಳತೆಯಲ್ಲಿದೆಯೇ, ಹೇಳುವ ಕೆಲಸಕ್ಕೂ ದಾರಿಗೂ ಸಂಬಂಧವಿದೆಯೇ ನೋಡಿ. ಹಾಲಿನ ಗಾಡಿಯ ಹಿಂದಿನ ಬಾಗಿಲು ಒಮ್ಮೊಮ್ಮೆ ತೆಗೆಸಿ, ಜನರನ್ನು ತುಂಬಿಕೊಂಡು ಬರುವುದುಂಟು. ಸಿಕ್ಕಿದರೆ ಚಾಲಕನಿಗೆ ಪ್ರಕರಣ. ಒಳಗಿದ್ದ ಕೂಲಿಕಾರರಿಗೆ ಮೊದಲು ನೀರು, ಆಮೇಲೆ ವಿಳಾಸ, ಆಮೇಲೆ ಆರೋಗ್ಯ ತಪಾಸಣೆ.

ದಂಡ ಜನರ ಕೈಗೆಟುಕುವಷ್ಟಿರಬೇಕು, ರಸೀತಿ ಇರಲೇಬೇಕು. 2020ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಮಾಸ್ಕ್ ದಂಡ ನಗರಗಳಲ್ಲಿ 1,000, ಉಳಿದೆಡೆ 500 ರೂಪಾಯಿಗೆ ಏರಿ, ಜನರ ವಿರೋಧದ ನಂತರ ಕೆಲವೇ ದಿನದಲ್ಲಿ 250 ಮತ್ತು 100ಕ್ಕೆ ಇಳಿಯಿತು. ದಿನಗೂಲಿಗಿಂತ ದಂಡ ಹೆಚ್ಚಾದರೆ ಯಾರೂ ಕಟ್ಟುವುದಿಲ್ಲ, ಜಗಳಕ್ಕೆ ನಿಲ್ಲುತ್ತಾರೆ.

ಗಾಡಿ ಜಪ್ತಿ ಕೊನೆಯ ದಾರಿ. ಹೆಂಗಸರು, ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ, ಕತ್ತಲಾಗಿದ್ದರೆ, ಊರು ದೂರವಿದ್ದರೆ ಜಪ್ತಿ ಬೇಡ. ನಂಬರ್ ಬರೆದು ವಾಪಸ್ ಕಳಿಸಿ. ಮಾಡಲೇಬೇಕಾದರೆ ನಂಬರ್, ಚಾಸಿಸ್ ನಂಬರ್, ಓಡಿದ ಕಿಲೋಮೀಟರ್, ಪೆಟ್ರೋಲ್ ಮಟ್ಟ, ಕನ್ನಡಿ, ಸ್ಟೆಪ್ನಿ, ಡಿಕ್ಕಿಯಲ್ಲಿದ್ದ ಸಾಮಾನು ಎಲ್ಲ ಬರೆದು, ನಾಲ್ಕು ಕಡೆಯಿಂದ ಫೋಟೊ ತೆಗೆದು, ಮಾಲೀಕನ ಸಹಿ ಹಾಕಿಸಿ, ಒಂದು ಪ್ರತಿ ಅವನಿಗೇ ಕೊಡಿ. ತಿಂಗಳು ನಿಂತ ಬೈಕಿನ ಬ್ಯಾಟರಿ ಸಾಯುತ್ತದೆ, ವೈರನ್ನು ಇಲಿ ಕಡಿಯುತ್ತದೆ. ಬಿಡಿಸಿಕೊಳ್ಳಲು ಬಂದವನು ಕಾಣೆಯಾದ ಕನ್ನಡಿಗೆ ನಿಮ್ಮನ್ನೇ ಕೇಳುತ್ತಾನೆ. 2020ರಲ್ಲಿ ಠಾಣೆಗಳ ಮುಂದೆ ಗಾಡಿ ರಾಶಿ ಬಿದ್ದಾಗ ಹೈಕೋರ್ಟ್ ದ್ವಿಚಕ್ರಕ್ಕೆ 500, ನಾಲ್ಕು ಚಕ್ರಕ್ಕೆ 1,000 ರೂಪಾಯಿ ಕಟ್ಟಿಸಿಕೊಂಡು ಬಿಡಲು ಅವಕಾಶ ಕೊಟ್ಟಿತು.

ಲಾಠಿ ಏಟು, ಬಸ್ಕಿ, ಕಪ್ಪೆ ಜಿಗಿತ, ರಸ್ತೆಯಲ್ಲಿ ಮಂಡಿಯೂರಿಸುವುದು ಯಾವ ಕಾನೂನಿನಲ್ಲೂ ಶಿಕ್ಷೆಯಾಗಿ ಬರೆದಿಲ್ಲ. ಶಿಕ್ಷೆ ಕೊಡುವುದು ನ್ಯಾಯಾಲಯ ಮಾತ್ರ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಅಂಗಡಿ ಮುಚ್ಚುವ ಸಮಯ ಮೀರಿದರೆಂದು ಹಿಡಿದ ತಂದೆ ಮಗ ಇಬ್ಬರೂ ಪೊಲೀಸ್ ಹಿಂಸೆಯಿಂದ ಸತ್ತರು. ಅಂಗಡಿ ಬಾಗಿಲಿನ ಮಾತು ಅಷ್ಟು ದೂರ ಹೋಗಬಲ್ಲದು ಎಂಬುದನ್ನು ಪ್ರತಿ ಪಾಳಿಯ ಅಧಿಕಾರಿಯೂ ನೆನಪಿಡಬೇಕು.

ಊರಿನವರು ಹಾಕುವ ಬೇಲಿ

ರಸ್ತೆ ಅಗೆಯುವುದು, ಮುಳ್ಳು ರಾಶಿ ಹಾಕುವುದು, ಮರ ಉರುಳಿಸುವುದು ಬೇಡ. ಊರನ್ನು ಕಾಯುವ ಆಸೆ ಒಳ್ಳೆಯದೇ, ಆದರೆ ರಾತ್ರಿ ಎರಡಕ್ಕೆ ನಿಮ್ಮ ಊರಿನದೇ ಬಸುರಿಗೆ 108 ಗಾಡಿ ಒಳಗೆ ಬರಲಾಗದು. ಒಬ್ಬನೇ ಎತ್ತಬಲ್ಲ ಬಿದಿರಿನ ಗಳ, ಪಕ್ಕದಲ್ಲಿ ಒಂದು ದೀಪ, ಗಳಕ್ಕೆ ಕಟ್ಟಿದ ರಟ್ಟಿನಲ್ಲಿ ಎರಡು ಫೋನ್ ನಂಬರ್: ಇಷ್ಟು ಸಾಕು. ಕಾವಲಿಗೆ ಇಬ್ಬರು, ಅದರಲ್ಲಿ ಒಬ್ಬರಾದರೂ ಹಿರಿಯರು. ನಿಯಮವನ್ನು ಪಂಚಾಯಿತಿಯ ಕಸದ ಗಾಡಿಯ ಮೈಕಿನಲ್ಲಿ ಸಾರಿಸಿ, ಇಲ್ಲವೇ ತಮಟೆ ಹೊಡೆಸಿ. ಗೋಡೆಗೆ ಅಂಟಿಸಿದ್ದನ್ನು ಓದುವವರು ಕಡಿಮೆ.

ಹೊರಗಿನಿಂದ ಬರುವ ನಿಮ್ಮದೇ ಮಕ್ಕಳ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. 2020ರ ಮೇನಲ್ಲಿ ಮುಂಬೈಯಿಂದ ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಮರಳಿದವರಲ್ಲಿ ಸೋಂಕು ಕಂಡಾಗ ಜಿಲ್ಲೆಯ ಲೆಕ್ಕ ಒಮ್ಮೆಲೇ ಏರಿತು. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ನೋಂದಾಯಿಸಿ, ಹೇಳಿ ಬಂದವರನ್ನು ತಪಾಸಣೆ ಮಾಡಿ ಕ್ವಾರಂಟೈನ್‌ನಲ್ಲಿ ಇಡಲು ಸಾಧ್ಯವಾಯಿತು. ಹೇಳದೆ ಬಂದವರನ್ನು ಹಾಗೆ ಇಡಲಾಗದು. ಮುಂಚೆ ಫೋನ್ ಮಾಡಿದ ಮನೆಗೆ ಬೈಗುಳ ಸಿಕ್ಕರೆ ಪಕ್ಕದ ಮನೆಯವರು ಫೋನ್ ಮಾಡುವುದಿಲ್ಲ. ಬರುವವರಿಗೆ ಶಾಲೆಯ ಕೊಠಡಿ, ಬೇರೆ ಶೌಚಾಲಯ, ಎರಡು ಹೊತ್ತಿನ ಊಟ, ಆಶಾ ಕಾರ್ಯಕರ್ತೆಯ ಭೇಟಿ ಮೊದಲೇ ಸಿದ್ಧವಿರಲಿ. ಕೈಗೆ ಕ್ವಾರಂಟೈನ್ ಮುದ್ರೆ ಒತ್ತುವುದಾದರೆ ಸ್ಯಾನಿಟೈಸರ್ ಪೂರ್ತಿ ಆರಿದ ಮೇಲೆ ಒತ್ತಿ. ಚುನಾವಣೆಗೆ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುವ ಅಳಿಸಲಾಗದ ಶಾಯಿಯನ್ನೇ ಇದಕ್ಕೂ ಬಳಸಲು 2020ರಲ್ಲಿ ಚುನಾವಣಾ ಆಯೋಗ ಒಪ್ಪಿತ್ತು. ಅವರ ಹೆಸರು, ಮನೆ, ಫೋಟೊ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹೋಗಬಾರದು, ನಾಕಾಬಂದಿಯ ಪುಸ್ತಕದ ಹಾಳೆಯೂ ಹೋಗಬಾರದು.

ದಾಟಲೇಬೇಕಾದವರಿಗೆ

ಒಂದು ಬಿಳಿ ಹಾಳೆಯಲ್ಲಿ ಹೆಸರು, ಎಲ್ಲಿಂದ ಎಲ್ಲಿಗೆ, ಯಾಕೆ, ಗಾಡಿ ನಂಬರ್, ವಾಪಸ್ ಬರುವ ಸಮಯ, ಹೋಗುವ ಕಡೆಯವರ ಫೋನ್ ನಂಬರ್ ದೊಡ್ಡದಾಗಿ ಬರೆಯಿರಿ. ಆಸ್ಪತ್ರೆಗಾದರೆ ಇತ್ತೀಚಿನ ದಿನಾಂಕದ ಚೀಟಿ. ಎರಡು ವರ್ಷದ ಹಿಂದಿನ ಫೈಲು ತಂದರೆ ಅನುಮಾನ ಸಹಜ. ಔಷಧಕ್ಕಾದರೆ ಚೀಟಿಯ ಜೊತೆ ಖಾಲಿ ಸ್ಟ್ರಿಪ್ ಕೂಡ ಇಟ್ಟುಕೊಳ್ಳಿ. ಎಲ್ಲದರ ಫೋಟೊ ಫೋನಿನಲ್ಲಿರಲಿ, ಆದರೆ ಫೋನನ್ನೇ ನಂಬಬೇಡಿ, ಚಾರ್ಜ್ ಮುಗಿಯುತ್ತದೆ. ಡಿಎಲ್, ಆರ್‌ಸಿ, ವಿಮೆ ಜೊತೆಗಿರಲಿ. ರೋಗಿಯ ಜೊತೆ ಒಬ್ಬರೇ ಬನ್ನಿ. ನೋಡಿಕೊಂಡು ಬರಲು ಇಡೀ ಮನೆ ಹೊರಟರೆ ರೋಗಿಯ ದಾರಿಯೂ ಕಟ್ಟಾಗುತ್ತದೆ.

ಬ್ಯಾರಿಕೇಡ್ ಕಂಡಾಗ ದೀಪ ತಗ್ಗಿಸಿ, ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮಾಸ್ಕ್ ಹಾಕಿಕೊಂಡೇ ಹಾಳೆ ಎತ್ತಿ ತೋರಿಸಿ. ಸುಳ್ಳು ಕಾರಣ ಹೇಳಬೇಡಿ. ತಾಯಿಗೆ ಹುಷಾರಿಲ್ಲ ಎಂಬ ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಹಿಂದೆ ನಿಜವಾಗಿಯೂ ತಾಯಿಯನ್ನು ಕರೆದುಕೊಂಡು ಬರುವ ಹತ್ತು ಜನರ ಮೇಲೆ ಆ ದಿನವೆಲ್ಲ ಅನುಮಾನ ಬೀಳುತ್ತದೆ. ಬಿಡಲಿಲ್ಲ ಎಂದರೆ ವಾದಕ್ಕೆ ನಿಲ್ಲದೆ “ಸಾರ್, ಇಲ್ಲಿ ಪಾಳಿಯ ಅಧಿಕಾರಿ ಯಾರು, ಅವರಿಗೆ ಒಂದು ಮಾತು ಹೇಳುತ್ತೇನೆ” ಎಂದು ಕೇಳಿ. ಅವರೂ ಆಗದೆಂದರೆ ಯಾವ ಆದೇಶದ ಪ್ರಕಾರ ಎಂದು ಕೇಳಿ ಬರೆದುಕೊಂಡು, ಬ್ಯಾರಿಕೇಡಿನಿಂದ ಐವತ್ತು ಹೆಜ್ಜೆ ಹಿಂದೆ ಸರಿದು 112ಕ್ಕೆ ಅಥವಾ ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ. ಜೀವದ ತುರ್ತಿದ್ದರೆ ಇದ್ಯಾವುದೂ ಬೇಡ. 108ಕ್ಕೆ ಕರೆ ಮಾಡಿ ಆಂಬುಲೆನ್ಸನ್ನು ಆ ನಾಕಾಬಂದಿಗೇ ಕರೆಸಿ, ಅಲ್ಲಿರುವ ಪೊಲೀಸರಿಗೆ ಹೇಳಿಯೇ ಕರೆಸಿ. ಗಾಡಿ ಬರುವವರೆಗೆ ರೋಗಿಯನ್ನು ಶಾಮಿಯಾನದ ನೆರಳಲ್ಲಿ ಮಲಗಿಸಲು ಜಾಗ ಅವರೇ ಮಾಡಿಕೊಡಬೇಕು.